ಬಿಸಿಲ ನಾಡಿನ ಮನೆ ಮಾದರಿಯಲ್ಲಿ ತಣ್ಣಗಿದ್ದರೆ: ಎನರ್ಜಿಪ್ಲಸ್‌ನಲ್ಲಿ ಜ್ಯಾಮಿತಿ ದೋಷ ಪತ್ತೆ

ಏಪ್ರಿಲ್ ಕೊನೆಯ ವಾರ, ಏಸಿ ಇಲ್ಲದ ಮನೆ, ಹೊರಗೆ 41 ಡಿಗ್ರಿ. ಕಟ್ಟಡದ ಶಾಖವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಎನರ್ಜಿಪ್ಲಸ್ ತಂತ್ರಾಂಶದ ಮಾದರಿಯಲ್ಲಿ ಮೇಲಿನ ಮಹಡಿಯ ಬೆಡ್‌ರೂಮ್ ಮಧ್ಯಾಹ್ನ ಮೂರು ಗಂಟೆಗೆ 33 ಡಿಗ್ರಿ ತೋರಿಸುತ್ತಿದೆ. ರನ್ ಸರಾಗವಾಗಿ ಮುಗಿದಿದೆ, ಎರರ್ ಫೈಲಿನ ಕೊನೆಯ ಸಾಲಿನಲ್ಲಿ ಸಿವಿಯರ್ ಎರರ್ ಸೊನ್ನೆ. ಆದರೆ ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಆರ್‌ಸಿಸಿ ಸ್ಲ್ಯಾಬಿನ ಕೆಳಗೆ ಒಂದು ಬೇಸಿಗೆ ಕಳೆದವರು ಯಾರೂ ಆ 33ನ್ನು ಒಪ್ಪುವುದಿಲ್ಲ.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮೊದಲು ಮಟೀರಿಯಲ್, ಇನ್‌ಫಿಲ್ಟ್ರೇಶನ್ (ಸಂದಿಗಳಿಂದ ನುಸುಳುವ ಗಾಳಿ), ಶೆಡ್ಯೂಲ್‌ಗಳಿಗೆ ಕೈ ಹಾಕುತ್ತಾರೆ. ಅದನ್ನು ಆಮೇಲೆ ನೋಡೋಣ. ಮೊದಲು ಜ್ಯಾಮಿತಿ, ಅದರಲ್ಲೂ ಮೊದಲು ಮಾಳಿಗೆ. ಬಳ್ಳಾರಿ ಇರುವುದು ಸುಮಾರು 15.1 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಕೊಪ್ಪಳ 15.35, ರಾಯಚೂರು 16.2. ಇಲ್ಲಿ ಮೇ ಮೊದಲ ವಾರದ ಆಸುಪಾಸಿನಲ್ಲಿ ಒಮ್ಮೆ, ಆಗಸ್ಟ್ ಎರಡನೇ ವಾರದ ಆಸುಪಾಸಿನಲ್ಲಿ ಇನ್ನೊಮ್ಮೆ ಸೂರ್ಯ ನೆತ್ತಿಗೆ ಬರುತ್ತಾನೆ. ಬೇಸಿಗೆಯ ಬಿಸಿಲಿನ ಭಾರವನ್ನು ಹೊರುವುದು ಗೋಡೆಗಳಿಗಿಂತ ಹೆಚ್ಚಾಗಿ ಮಾಳಿಗೆಯೇ. ಮಾಳಿಗೆಯ ಒಂದು ಸರ್ಫೇಸ್ (ಮಾದರಿಯಲ್ಲಿ ಬಿಡಿಸಿದ ಮೇಲ್ಮೈ) ತಪ್ಪಿದರೆ ಬೇರೆಲ್ಲ ಸರಿ ಇದ್ದರೂ ಫಲಿತಾಂಶ ಕೆಡುತ್ತದೆ.

ಇಲ್ಲಿ ಹೇಳುವುದು ಎನರ್ಜಿಪ್ಲಸ್‌ಗೆ ಸಂಬಂಧಿಸಿದ್ದು. ಮಾದರಿ ಓಪನ್‌ಸ್ಟುಡಿಯೋ, ಡಿಸೈನ್‌ಬಿಲ್ಡರ್, ಹನಿಬೀ ಎಂಬ ತಂತ್ರಾಂಶಗಳಲ್ಲಿ ಯಾವುದರಿಂದ ಬಂದರೂ ಒಳಗೆ ಲೆಕ್ಕ ಮಾಡುವ ಎಂಜಿನ್ ಅದೇ, ಎರರ್ ಫೈಲೂ ಅದೇ. ಉದಾಹರಣೆಗೆ ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ 30×40 ಸೈಟನ್ನೇ ತೆಗೆದುಕೊಳ್ಳೋಣ: ಪೂರ್ವ-ಪಶ್ಚಿಮ 30 ಅಡಿ, ಉತ್ತರ-ದಕ್ಷಿಣ 40 ಅಡಿ, ಎರಡು ಮಹಡಿ, ಪ್ರತಿ ಮಹಡಿ 10 ಅಡಿ ಎತ್ತರ, ಮೇಲೆ 8×12 ಅಡಿಯ ಮೆಟ್ಟಿಲ ಹೆಡ್‌ರೂಮ್. ಸೆಟ್‌ಬ್ಯಾಕ್ ಲೆಕ್ಕಕ್ಕೆ ಹಿಡಿಯದೆ ಇಡೀ ಸೈಟಿನ ಮೇಲೆ ಮನೆ ನಿಂತಿದೆ ಎಂದುಕೊಳ್ಳಿ. ಅಂಕಿ ತಾಳೆ ನೋಡಲು ಸುಲಭ.

ಮೊದಲು ಅಡಿ-ಮೀಟರ್ ಗೊಂದಲ ಇದೆಯೇ ನೋಡಿ

ಎನರ್ಜಿಪ್ಲಸ್ ಓದುವುದು ಮೀಟರಿನಲ್ಲಿ ಮಾತ್ರ. ನಮ್ಮ ಮೇಸ್ತ್ರಿಯಿಂದ ಎಂಜಿನಿಯರ್‌ವರೆಗೆ ಎಲ್ಲರ ಲೆಕ್ಕ ಅಡಿ-ಇಂಚಿನಲ್ಲಿ. ಕ್ಯಾಡ್ ಡ್ರಾಯಿಂಗನ್ನು ಇಂಪೋರ್ಟ್ ಮಾಡುವಾಗ ಯೂನಿಟ್ ಆಯ್ಕೆ ಮಾಡುವ ಡಬ್ಬಿಯನ್ನು ಗಮನಿಸದೆ ಮುಂದೆ ಹೋದರೆ ಅಡಿಯೇ ಮೀಟರಾಗಿ ಕೂರುತ್ತದೆ.

ರನ್ ಆದ ಮೇಲೆ ಎಚ್‌ಟಿಎಂಎಲ್ ವರದಿಯಲ್ಲಿ 'ಇನ್‌ಪುಟ್ ವೆರಿಫಿಕೇಶನ್ ಅಂಡ್ ರಿಸಲ್ಟ್ಸ್ ಸಮರಿ' ತೆರೆದು ಝೋನ್ (ಒಂದೇ ಘಟಕವಾಗಿ ಲೆಕ್ಕ ಹಾಕುವ ಕೋಣೆ ಅಥವಾ ಕೋಣೆಗಳ ಗುಂಪು) ಪಟ್ಟಿಯಲ್ಲಿ ನೆಲದ ವಿಸ್ತೀರ್ಣ ಮತ್ತು ಘನ ಅಳತೆ ನೋಡಿ. ನಮ್ಮ ಮನೆಯ ಒಂದು ಮಹಡಿಗೆ 9.144 × 12.192, ಅಂದರೆ ಸುಮಾರು 111.5 ಚದರ ಮೀಟರ್ ಬರಬೇಕು. ಘನ ಅಳತೆ ಸುಮಾರು 340 ಘನ ಮೀಟರ್. ಅದರ ಬದಲು 1200 ಚದರ ಮೀಟರ್, 12,000 ಘನ ಮೀಟರ್ ಬಂದಿದ್ದರೆ ಬೇರೇನೂ ಹುಡುಕಬೇಕಿಲ್ಲ. ವಿಸ್ತೀರ್ಣ 10.76 ಪಟ್ಟು, ಘನ ಅಳತೆ 35.3 ಪಟ್ಟು ಹೆಚ್ಚಾಗಿದ್ದರೆ ಅದು ಅಡಿಯ ಗುರುತು. ವಿಸ್ತೀರ್ಣ 1550 ಪಟ್ಟಾದರೆ ಇಂಚು, ಹತ್ತು ಲಕ್ಷ ಪಟ್ಟಾದರೆ ಮಿಲಿಮೀಟರ್.

ಅಡಿಯಿಂದ ಮೀಟರಿಗೆ ತರುವ ಕೆಲಸವನ್ನು ಒಂದೇ ಸ್ಪ್ರೆಡ್‌ಶೀಟಿನಲ್ಲಿ ಮಾಡಿ, ಮೂರು ದಶಮಾಂಶಕ್ಕೆ ನಿಲ್ಲಿಸಿ, ಅಲ್ಲಿಂದಲೇ ಎಲ್ಲ ಕಡೆಗೂ ಕಾಪಿ ಮಾಡಿ. ಒಂದೇ ಮೂಲೆಯನ್ನು ಒಂದು ಗೋಡೆಯಲ್ಲಿ 9.144, ಪಕ್ಕದ ಗೋಡೆಯಲ್ಲಿ 9.16 ಎಂದು ಟೈಪ್ ಮಾಡಿದರೆ ಝೋನಿನಲ್ಲಿ ಸೀಳು ಬಿಡುತ್ತದೆ. ಇದಕ್ಕೆ ತಿರುಗಾಮುರುಗಾ, ಎರಡು ಬಿಂದುಗಳ ಅಂತರ 0.01 ಮೀಟರಿಗಿಂತ ಕಡಿಮೆ ಇದ್ದರೆ ಅವು ಒಂದೇ ಬಿಂದು ಇರಬಹುದೆಂದು ಎನರ್ಜಿಪ್ಲಸ್ ಎಚ್ಚರಿಸುತ್ತದೆ. ಗೋಡೆಯ ಸಣ್ಣ ಕಚ್ಚು, ಅಲಂಕಾರದ ಪಟ್ಟಿಯಂಥವನ್ನು ಕ್ಯಾಡ್‌ನಿಂದ ಹಾಗೇ ತಂದಾಗ ಈ ಎಚ್ಚರಿಕೆ ಸಾಲುಗಟ್ಟಿ ಬರುತ್ತದೆ. ಅವನ್ನು ಅಳಿಸಿ, ಶಾಖದ ಲೆಕ್ಕಕ್ಕೆ ಅವು ಬೇಕಿಲ್ಲ.

ಎರರ್ ಫೈಲನ್ನು ಮೇಲಿನಿಂದ ಓದಿ

ರನ್ ಅರ್ಧಕ್ಕೆ ನಿಂತಿದ್ದರೆ ಎಲ್ಲರ ಕಣ್ಣೂ ಕೊನೆಯ 'ಫೇಟಲ್' ಸಾಲಿಗೆ ಹೋಗುತ್ತದೆ. ಆ ಸಾಲು ಹೇಳುವುದು ನಿಂತಿತು ಎಂಬುದನ್ನಷ್ಟೇ. ಕಾರಣ ಇರುವುದು ಮೊದಲನೆಯ 'ಸಿವಿಯರ್' ಸಾಲಿನಲ್ಲಿ. ಒಂದು ಗೋಡೆಯ ಹೆಸರಿನಲ್ಲಿ ಅಕ್ಷರ ತಪ್ಪಿದರೆ ಆ ಗೋಡೆಯ ಕಿಟಕಿ, ಬಾಗಿಲು, ಆಚೆ ಕೋಣೆಯ ಜೋಡಿ ಗೋಡೆ ಎಲ್ಲವೂ ಒಂದೊಂದು ಸಿವಿಯರ್ ಎರರ್ ಕೊಡುತ್ತವೆ. ಮೊದಲನೆಯದನ್ನು ಸರಿಪಡಿಸಿ ಮತ್ತೆ ಓಡಿಸಿದರೆ ಉಳಿದವು ಬಹಳಷ್ಟು ತಾವಾಗಿ ಹೋಗುತ್ತವೆ.

ಜ್ಯಾಮಿತಿ ಪರೀಕ್ಷೆಗೆ ಇಡೀ ವರ್ಷ ಓಡಿಸಬೇಡಿ. ಏಪ್ರಿಲಿನ ಒಂದು ವಾರದ ರನ್ ಪೀರಿಯಡ್ ಸಾಕು. ಜೊತೆಗೆ ಮೂರು ಔಟ್‌ಪುಟ್ ಸೇರಿಸಿ. 'ಔಟ್‌ಪುಟ್:ಡಯಾಗ್ನಾಸ್ಟಿಕ್ಸ್' ಅಡಿಯಲ್ಲಿ 'ಡಿಸ್‌ಪ್ಲೇಎಕ್ಸ್‌ಟ್ರಾವಾರ್ನಿಂಗ್ಸ್' ಹಾಕಿದರೆ ಮುಚ್ಚಿಹೋಗುವ ವಿವರಗಳು ಹೊರಬರುತ್ತವೆ. 'ಔಟ್‌ಪುಟ್:ಸರ್ಫೇಸಸ್:ಡ್ರಾಯಿಂಗ್' ಅಡಿಯಲ್ಲಿ ಡಿಎಕ್ಸ್‌ಎಫ್ ಕೇಳಿದರೆ ಎಂಜಿನ್ ನಿಜಕ್ಕೂ ಏನನ್ನು ಅರ್ಥ ಮಾಡಿಕೊಂಡಿತು ಎಂಬುದು ಮೂರು ಆಯಾಮದ ಚಿತ್ರವಾಗಿ ಸಿಗುತ್ತದೆ. 'ಔಟ್‌ಪುಟ್:ಸರ್ಫೇಸಸ್:ಲಿಸ್ಟ್' ಅಡಿಯಲ್ಲಿ ಡೀಟೇಲ್ಸ್ ಕೇಳಿದರೆ ಪ್ರತಿ ಸರ್ಫೇಸಿನ ವಿಸ್ತೀರ್ಣ, ದಿಕ್ಕು, ವಾಲಿಕೆ ಇಐಒ ಫೈಲಿಗೆ ಬರುತ್ತದೆ. ಮಾದರಿ ಬಿಡಿಸುವ ಸ್ಕೆಚ್‌ಅಪ್‌ನಲ್ಲಿ ಚೆನ್ನಾಗಿ ಕಾಣುವ ಮಾದರಿ ಡಿಎಕ್ಸ್‌ಎಫ್‌ನಲ್ಲಿ ಒಡೆದು ಕಾಣುವುದುಂಟು. ನಂಬಬೇಕಾದ್ದು ಡಿಎಕ್ಸ್‌ಎಫ್ ಅನ್ನು.

ಆ ಚಿತ್ರದಲ್ಲಿ ಕೋಣೆಗಳು ಒಂದರ ಮೇಲೊಂದು ಕೂತಿದ್ದರೆ ಅಥವಾ ದೂರ ದೂರ ಚದುರಿದ್ದರೆ 'ಗ್ಲೋಬಲ್‌ಜ್ಯಾಮಿಟ್ರಿರೂಲ್ಸ್' ನೋಡಿ. ರಿಲೇಟಿವ್ ಎಂದಿದ್ದರೆ ಪ್ರತಿ ಝೋನಿನ ಒರಿಜಿನ್ (ಅಳತೆ ಶುರುವಾಗುವ ಬಿಂದು) ಮೂಲೆಬಿಂದುಗಳಿಗೆ ಕೂಡುತ್ತದೆ. ವರ್ಲ್ಡ್ ಎಂದಿದ್ದರೆ ಕೂಡುವುದಿಲ್ಲ. ಬಿಂದುಗಳನ್ನು ವರ್ಲ್ಡ್ ಲೆಕ್ಕದಲ್ಲಿ ಬರೆದು ನಿಯಮವನ್ನು ರಿಲೇಟಿವ್ ಎಂದು ಬಿಟ್ಟರೆ ಒರಿಜಿನ್ ಎರಡು ಸಲ ಸೇರುತ್ತದೆ. ಎರಡು ಝೋನ್ ಒಂದರೊಳಗೊಂದು ಹೊಕ್ಕಿದ್ದರೂ ಎನರ್ಜಿಪ್ಲಸ್ ತಡೆಯುವುದಿಲ್ಲ ಎಂಬುದು ನೆನಪಿರಲಿ. ಅದನ್ನು ಕಣ್ಣಲ್ಲೇ ನೋಡಬೇಕು.

ಬಿಂದುಗಳ ಸುತ್ತು: ಮಾಳಿಗೆ ಮಗುಚಿದರೆ ಹೇಳುತ್ತದೆ, ಗೋಡೆ ಮಗುಚಿದರೆ ಹೇಳುವುದಿಲ್ಲ

ಪ್ರತಿ ಸರ್ಫೇಸಿನ ಮೂಲೆಗಳನ್ನು ಝೋನಿನ ಹೊರಗೆ ನಿಂತು ನೋಡಿದಂತೆ, ಗಡಿಯಾರದ ಮುಳ್ಳಿಗೆ ಎದುರಾಗಿ ಬರೆಯುವುದು ರೂಢಿ. ಆ ಸುತ್ತಿನ ಮೇಲೆಯೇ ಸರ್ಫೇಸಿನ ಮುಖ ಯಾವ ಕಡೆ ಎಂದು ಎಂಜಿನ್ ತೀರ್ಮಾನಿಸುತ್ತದೆ.

ನಮ್ಮ ಮನೆಯ ಮಾಳಿಗೆ 6.096 ಮೀಟರ್ ಎತ್ತರದಲ್ಲಿದೆ. ಮಾಳಿಗೆಗೆ ಹೊರಗು ಎಂದರೆ ಆಕಾಶ, ಹಾಗಾಗಿ ಮೇಲಿನಿಂದ ನೋಡಿ ಬರೆಯಬೇಕು: (0, 0, 6.096), (9.144, 0, 6.096), (9.144, 12.192, 6.096), (0, 12.192, 6.096). ನೆಲಕ್ಕೆ ಹೊರಗು ಎಂದರೆ ಮಣ್ಣು, ಕೆಳಗಿನಿಂದ ನೋಡಬೇಕು. ಆಗ ಸುತ್ತು ತಿರುವುಮುರುವು: (0, 0, 0), (0, 12.192, 0), (9.144, 12.192, 0), (9.144, 0, 0). ದಕ್ಷಿಣದ ಗೋಡೆಯನ್ನು ಅಂಗಳದಲ್ಲಿ ನಿಂತು ನೋಡಿದರೆ ಎಡಕ್ಕೆ ಪಶ್ಚಿಮ. ಎಡ ಮೇಲ್ಮೂಲೆಯಿಂದ ಹೊರಟು ಕೆಳಗಿಳಿದು, ಬಲಕ್ಕೆ ಹೋಗಿ, ಮೇಲೇರಬೇಕು: (0, 0, 3.048), (0, 0, 0), (9.144, 0, 0), (9.144, 0, 3.048).

ನೆಲದ ಪಟ್ಟಿಯನ್ನು ಕಾಪಿ ಮಾಡಿ ಎತ್ತರ ಮಾತ್ರ ಬದಲಿಸಿ ಮಾಳಿಗೆ ಮಾಡುವುದು ಎಲ್ಲೆಡೆ ಕಾಣುವ ತಪ್ಪು. ಎರರ್ ಫೈಲಿನಲ್ಲಿ 'ರೂಫ್/ಸೀಲಿಂಗ್ ಈಸ್ ಅಪ್‌ಸೈಡ್ ಡೌನ್, ಟಿಲ್ಟ್ 180, ಶುಡ್ ಬಿ ನಿಯರ್ 0' ಎಂಬ ಅರ್ಥದ ಸಾಲು ಬರುತ್ತದೆ, ತಾನೇ ಸರಿಪಡಿಸಲು ಪ್ರಯತ್ನಿಸುವುದಾಗಿಯೂ ಹೇಳುತ್ತದೆ. ಆ ಸ್ವಯಂ ರಿಪೇರಿಗೆ ಬಿಡದೆ ಪಟ್ಟಿಯನ್ನು ನೀವೇ ತಿರುಗಿಸಿ. ಸ್ಕೆಚ್‌ಅಪ್‌ನಲ್ಲಾದರೆ ಮುಖವನ್ನು ಆರಿಸಿ 'ರಿವರ್ಸ್ ಫೇಸಸ್' ಸಾಕು.

ಗೋಡೆಯ ಮಾತು ಬೇರೆ. ಗೋಡೆ ಹಿಂದುಮುಂದಾದರೂ ಅದರ ವಾಲಿಕೆ 90 ಡಿಗ್ರಿಯೇ. ದಿಕ್ಕು ಮಾತ್ರ 180 ಡಿಗ್ರಿ ತಿರುಗಿ ದಕ್ಷಿಣದ ಗೋಡೆ ಉತ್ತರದ ಬಿಸಿಲು ಕುಡಿಯುತ್ತದೆ. 'ಮಗುಚಿದೆ' ಎಂಬ ಎಚ್ಚರಿಕೆ ಗೋಡೆಗೆ ಬರುವುದಿಲ್ಲ. ಆ ಗೋಡೆಯಲ್ಲಿ ಸರಿಯಾದ ಸುತ್ತಿನ ಕಿಟಕಿ ಇದ್ದರೆ ಕಿಟಕಿಯ ಮುಖ ಗೋಡೆಯ ಮುಖಕ್ಕಿಂತ 90 ಡಿಗ್ರಿಗೂ ಹೆಚ್ಚು ತಪ್ಪಿದೆ ಎಂಬ ದೂರು ಬರುತ್ತದೆ. ಕಿಟಕಿ ಇಲ್ಲದ ಗೋಡೆಯಾದರೆ ಅದೂ ಇಲ್ಲ. ಆದ್ದರಿಂದ 'ಎನ್‌ವಲಪ್ ಸಮರಿ' ವರದಿಯ ಹೊರಗೋಡೆ ಪಟ್ಟಿಯನ್ನು ಸಾಲುಸಾಲಾಗಿ ನೋಡಲೇಬೇಕು: ಉತ್ತರ 0, ಪೂರ್ವ 90, ದಕ್ಷಿಣ 180, ಪಶ್ಚಿಮ 270, ವಾಲಿಕೆ ಮಾಳಿಗೆಗೆ 0, ಗೋಡೆಗೆ 90, ನೆಲಕ್ಕೆ 180. ಹೆಸರಿನಲ್ಲಿ ದಕ್ಷಿಣ ಎಂದಿದ್ದು ಅಂಕಿಯಲ್ಲಿ 0 ಇದ್ದರೆ ಅದೇ ಅಪರಾಧಿ. ಈ ತಾಳೆಗಾಗಿಯೇ ಸರ್ಫೇಸುಗಳಿಗೆ ದಿಕ್ಕಿನ ಹೆಸರಿಡಿ.

ಝೋನ್ ಪೂರ್ತಿ ಮುಚ್ಚಿಲ್ಲ ಎಂಬ ಎಚ್ಚರಿಕೆ ಬಂದರೆ ಅದರ ಕೆಳಗೆ ಯಾವ ಸರ್ಫೇಸಿನ ಯಾವ ಅಂಚಿಗೆ ಜೋಡಿ ಸಿಗಲಿಲ್ಲ ಎಂಬುದು ಬಿಂದುಗಳ ಸಮೇತ ಇರುತ್ತದೆ. ಘನ ಅಳತೆ ಸೊನ್ನೆ ಅಥವಾ ಋಣವಾಗಿ ಬಂದರೆ ಎಂಜಿನ್ 10 ಘನ ಮೀಟರ್ ಎಂದು ಹಿಡಿದು ಮುಂದುವರಿಯುತ್ತದೆ. 340 ಘನ ಮೀಟರಿನ ಮನೆಗೆ 10 ಘನ ಮೀಟರ್ ಗಾಳಿ! ಗಂಟೆಗೆ ಇಷ್ಟು ಸಲ ಗಾಳಿ ಬದಲಾಗುತ್ತದೆ ಎಂದು ಕೊಟ್ಟ ಲೆಕ್ಕವೆಲ್ಲ ಅಲ್ಲಿಗೆ ಸತ್ತಂತೆ.

ಹೆಡ್‌ರೂಮ್: ಈ ಮನೆಗಳ ದೊಡ್ಡ ಕಳ್ಳದಾರಿ

ಮಾಳಿಗೆಯ ಮೇಲೆ ಹೆಡ್‌ರೂಮ್ ಎಬ್ಬಿಸಿದಾಗ ಕೆಳಗಿನ ಸೀಲಿಂಗ್ ಎರಡು ತುಂಡಾಗಬೇಕು: ಹೆಡ್‌ರೂಮಿನ ಕೆಳಗೆ ಬರುವ 8.92 ಚದರ ಮೀಟರ್, ಮತ್ತು ಬಿಸಿಲಿಗೆ ಬಿದ್ದಿರುವ ಉಳಿದ 102.56 ಚದರ ಮೀಟರ್. ಮೊದಲನೆಯದರ ಹೊರ ಅಂಚು (ಆಚೆ ಬದಿಗೆ ಏನಿದೆ ಎಂದು ಹೇಳುವ ಬೌಂಡರಿ ಕಂಡೀಶನ್) 'ಸರ್ಫೇಸ್', ಅಂದರೆ ಹೆಡ್‌ರೂಮಿನ ನೆಲ. ಎರಡನೆಯದು 'ಔಟ್‌ಡೋರ್ಸ್'.

ಸ್ಕೆಚ್‌ಅಪ್‌ನ ಓಪನ್‌ಸ್ಟುಡಿಯೋ ಪ್ಲಗಿನ್‌ನಲ್ಲಿ ಇಂಟರ್ಸೆಕ್ಟ್ (ಒಂದಕ್ಕೊಂದು ತಾಗುವ ಸರ್ಫೇಸುಗಳನ್ನು ತುಂಡು ಮಾಡುವುದು) ಮಾಡದೆ ನೇರ ಮ್ಯಾಚ್ (ಜೋಡಿ ಕಟ್ಟುವುದು) ಒತ್ತಿದರೆ 111.5ರ ಸೀಲಿಂಗಿಗೆ 8.92ರ ನೆಲ ಹೊಂದುವುದಿಲ್ಲ, ಎರಡೂ 'ಔಟ್‌ಡೋರ್ಸ್' ಆಗಿಯೇ ಉಳಿಯುತ್ತವೆ. ಆಗ ಹೆಡ್‌ರೂಮಿನ ಕೆಳಗಿರುವ ಸೀಲಿಂಗ್ ಭಾಗವೂ ಹೊರಗಾಳಿಗೆ ತೆರೆದಂತೆ, ಹೆಡ್‌ರೂಮಿನ ನೆಲವೂ ಹೊರಗಾಳಿಗೆ ತೆರೆದಂತೆ ಲೆಕ್ಕವಾಗುತ್ತದೆ. ಇನ್ನೂ ಕೆಟ್ಟದ್ದು ಕೈಯಾರೆ ಜೋಡಿಸುವುದು. ಇಡೀ ಸೀಲಿಂಗನ್ನು ಹೆಡ್‌ರೂಮಿನ ನೆಲಕ್ಕೆ ಕಟ್ಟಿಬಿಟ್ಟರೆ 102 ಚದರ ಮೀಟರ್ ಮಾಳಿಗೆಗೆ ಬಿಸಿಲೇ ಬೀಳುವುದಿಲ್ಲ. ಎರಡು ಝೋನ್ ನಡುವಿನ ಸರ್ಫೇಸುಗಳ ವಿಸ್ತೀರ್ಣ ಹೊಂದುತ್ತಿಲ್ಲ, ಶಕ್ತಿಯ ಲೆಕ್ಕ ತಪ್ಪಬಹುದು ಎಂಬ ವಾರ್ನಿಂಗ್ ಮಾತ್ರ ಬರುತ್ತದೆ, ರನ್ ನಿಲ್ಲುವುದಿಲ್ಲ. ಮೇಲೆ ಹೇಳಿದ 33 ಡಿಗ್ರಿ ಬೆಡ್‌ರೂಮಿಗೆ ಇದು ಮೊದಲ ಗುಮಾನಿ.

ತಾಳೆ ನೋಡುವ ಸುಲಭ ದಾರಿ ಹೀಗಿದೆ. ಸಮತಟ್ಟು ಮಾಳಿಗೆಯ ಮನೆಯಲ್ಲಿ ಹೊರಗೆ ತೆರೆದ ಎಲ್ಲ ಮಾಳಿಗೆಗಳ ಮೊತ್ತ, ಮನೆ ನೆಲದ ಮೇಲೆ ಹಿಡಿದ ಜಾಗಕ್ಕೆ ಸಮನಾಗಿರಬೇಕು. ಇಲ್ಲಿ 102.56 ಜೊತೆಗೆ ಹೆಡ್‌ರೂಮಿನ ಸ್ಲ್ಯಾಬ್ 8.92, ಒಟ್ಟು 111.48. ವರದಿಯಲ್ಲಿ 120.4 ಬಂದಿದ್ದರೆ ಇಂಟರ್ಸೆಕ್ಟ್ ಆಗಿಲ್ಲ. 8.9 ಮಾತ್ರ ಬಂದಿದ್ದರೆ ಮಾಳಿಗೆಯೇ ಕಳೆದುಹೋಗಿದೆ.

ರಿಪೇರಿಗೆ ಮೊದಲು ಫೈಲಿನ ಪ್ರತಿ ತೆಗೆದಿಡಿ, ಏಕೆಂದರೆ ಇಂಟರ್ಸೆಕ್ಟ್ ಆದಮೇಲೆ ಹಿಂದೆ ಹೋಗುವುದು ಕಷ್ಟ. ಆಮೇಲೆ ಅನ್‌ಮ್ಯಾಚ್, ನಂತರ 'ಇಂಟರ್ಸೆಕ್ಟ್ ಇನ್ ಎಂಟೈರ್ ಮಾಡೆಲ್', ಕೊನೆಗೆ 'ಮ್ಯಾಚ್ ಇನ್ ಎಂಟೈರ್ ಮಾಡೆಲ್'. ಕಿಟಕಿ-ಬಾಗಿಲು ಕೂರಿಸುವ ಮೊದಲೇ ಇದು ಮುಗಿದಿರಬೇಕು. ಬಳಿಕ ಬೌಂಡರಿ ಕಂಡೀಶನ್ ಪ್ರಕಾರ ಬಣ್ಣ ಬರುವಂತೆ ಮಾಡಿ ಮೇಲಿನಿಂದ ನೋಡಿ, ತೆರೆದ ಮಾಳಿಗೆ ಪೂರ್ತಿ ಒಂದೇ ಬಣ್ಣದಲ್ಲಿರಬೇಕು. 'ಸನ್ ಎಕ್ಸ್‌ಪೋಶರ್' ಕಾಲಮ್ಮಿನಲ್ಲಿ 'ನೋಸನ್' ಉಳಿದಿಲ್ಲ ಎಂಬುದನ್ನೂ ನೋಡಿ. ಜೋಡಿ ಬಿಚ್ಚಿ ಕೈಯಿಂದ 'ಔಟ್‌ಡೋರ್ಸ್' ಎಂದು ಬರೆದವರು ಈ ಕಾಲಮ್ಮನ್ನು ಮರೆಯುತ್ತಾರೆ. ಅನುಮಾನವಿದ್ದರೆ ಆ ಸರ್ಫೇಸಿಗೆ 'ಸರ್ಫೇಸ್ ಔಟ್‌ಸೈಡ್ ಫೇಸ್ ಇನ್ಸಿಡೆಂಟ್ ಸೋಲಾರ್ ರೇಡಿಯೇಶನ್ ರೇಟ್ ಪರ್ ಏರಿಯಾ' ಕೇಳಿ. ಏಪ್ರಿಲಿನ ಸ್ವಚ್ಛ ಮಧ್ಯಾಹ್ನ ಚದರ ಮೀಟರಿಗೆ 800ರಿಂದ 1000 ವ್ಯಾಟ್ ಇರಬೇಕು. ಸೊನ್ನೆ ಇದ್ದರೆ ಆ ಮಾಳಿಗೆಗೆ ಬಿಸಿಲಿನ ಲೆಕ್ಕವೇ ಆಗುತ್ತಿಲ್ಲ.

ಕಿಟಕಿ ಮತ್ತು ಸಜ್ಜಾ

ಗೋಡೆಯೊಳಗೆ ಕಿಟಕಿ ಕೂತಿಲ್ಲ ಎಂಬ ವಾರ್ನಿಂಗ್ ಬಂದರೆ ಜೊತೆಗೆ 'ಪಾರ್ಶಿಯಲ್ ಓವರ್‌ಲ್ಯಾಪ್' ಅಥವಾ 'ನೋ ಓವರ್‌ಲ್ಯಾಪ್' ಎಂದಿರುತ್ತದೆ. ಮೊದಲನೆಯದು ಕಿಟಕಿ ಗೋಡೆಯ ಅಂಚು ದಾಟಿದ ಗುರುತು. ಎರಡನೆಯದು ಕಿಟಕಿಗೆ ಬೇರೆ ಗೋಡೆಯ ಹೆಸರು ಬಿದ್ದ ಗುರುತು.

ಸಜ್ಜಾವನ್ನು ಕೋಣೆಯ ಸ್ಪೇಸಿನೊಳಗೆ ಎಳೆದರೆ ಅದು ಮಾಳಿಗೆಯ ತುಂಡಾಗಿ ಶಾಖ ಒಯ್ಯತೊಡಗುತ್ತದೆ. ಅದನ್ನು ಶೇಡಿಂಗ್ ಗುಂಪಿನಲ್ಲೇ ಬರೆಯಬೇಕು. ಪ್ಯಾರಾಪೆಟ್‌ಗೂ ಪಕ್ಕದ ಮನೆಯ ಗೋಡೆಗೂ ಇದೇ ನಿಯಮ. ಪಕ್ಕದ ಮನೆ ಅಂಟಿಕೊಂಡೇ ಇದ್ದರೆ ಮಾತ್ರ ಆ ಕಡೆಯ ನಮ್ಮ ಗೋಡೆಯನ್ನು 'ಅಡಯಾಬ್ಯಾಟಿಕ್', ಅಂದರೆ ಶಾಖ ದಾಟದಂತೆ, ಮಾಡಬಹುದು.

ಸಜ್ಜಾ ಕೆಲಸ ಮಾಡುತ್ತಿದೆಯೇ ಎಂಬುದನ್ನು ಕಾಗದದ ಮೇಲೇ ಪರೀಕ್ಷಿಸಬಹುದು. ಬಳ್ಳಾರಿಯಲ್ಲಿ ಡಿಸೆಂಬರ್ 21ರ ಸೂರ್ಯ ಮಧ್ಯಾಹ್ನ 51.5 ಡಿಗ್ರಿ ಎತ್ತರದಲ್ಲಿರುತ್ತಾನೆ. ದಕ್ಷಿಣದ ಕಿಟಕಿಯ ತಲೆಗೆ ಸರಿಯಾಗಿ 0.6 ಮೀಟರ್ ಚಾಚಿದ ಸಜ್ಜಾ 0.75 ಮೀಟರ್ ಕೆಳಗಿನವರೆಗೆ ನೆರಳು ಕೊಡುತ್ತದೆ. ಕಿಟಕಿ 1.2 ಮೀಟರ್ ಎತ್ತರವಿದ್ದರೆ ಸುಮಾರು 37 ಶೇಕಡಾ ಭಾಗಕ್ಕೆ ಬಿಸಿಲು. ಇದೊಂದಕ್ಕಾಗಿ ಡಿಸೆಂಬರಿನ ಒಂದು ವಾರ ಓಡಿಸಿ, 'ಸರ್ಫೇಸ್ ಔಟ್‌ಸೈಡ್ ಫೇಸ್ ಸನ್‌ಲಿಟ್ ಫ್ರ್ಯಾಕ್ಷನ್' ಕೇಳಿ. ಮಧ್ಯಾಹ್ನ ಅದು 0.37ರ ಹತ್ತಿರ ಬರಬೇಕು. ನೆರಳಿನ ಲೆಕ್ಕವನ್ನು ಎಂಜಿನ್ ಪ್ರತಿದಿನ ಮಾಡದೆ, ಬದಲಿಸದಿದ್ದರೆ 20 ದಿನಕ್ಕೊಮ್ಮೆ ಮಾಡುವುದರಿಂದ ಸ್ವಲ್ಪ ಆಚೀಚೆ ಆಗುತ್ತದೆ. 1 ಬಂದರೆ ಸಜ್ಜಾ ಕಿಟಕಿಯ ಮೇಲಿಲ್ಲ, ಎಲ್ಲೋ ಬೇರೆ ಕಡೆ ತೇಲುತ್ತಿದೆ.

ಕಲ್ಲಿನ ಗೋಡೆ, ಮೇಲುಮುದ್ದೆ ಮನೆ

ಎನರ್ಜಿಪ್ಲಸ್‌ನಲ್ಲಿ ಗೋಡೆ ದಪ್ಪವಿಲ್ಲದ ಹಾಳೆ. ದಪ್ಪ ಇರುವುದು ಕನ್‌ಸ್ಟ್ರಕ್ಷನ್ ಪಟ್ಟಿಯಲ್ಲಿ. ಒಂಬತ್ತಿಂಚಿನ ಇಟ್ಟಿಗೆ ಗೋಡೆಗೆ ಹಾಳೆಯನ್ನು ಎಲ್ಲಿ ಎಳೆದರೂ ದೊಡ್ಡ ವ್ಯತ್ಯಾಸವಾಗದು. ಆದರೆ ಕೊಪ್ಪಳ, ರಾಯಚೂರು ಕಡೆಯ ಹಳೇ ಮೇಲುಮುದ್ದೆ (ಮಣ್ಣಿನ ಚಪ್ಪಟೆ ಮಾಳಿಗೆಯ) ಮನೆಯಲ್ಲಿ ಕಲ್ಲಿನ ಗೋಡೆ ಅರ್ಧ ಮೀಟರ್ ಇದ್ದರೆ ಲೆಕ್ಕವೇ ಬೇರೆ. ಒಳಗೆ 3×3 ಮೀಟರಿನ ಕೋಣೆ ಹೊರಗಿನಿಂದ 4×4. ನೆಲ 9ರ ಬದಲು 16 ಚದರ ಮೀಟರ್.

ಇಲ್ಲಿ ಹೊರಗೋಡೆಗೆ ಹೊರಮುಖ, ಒಳಗೋಡೆಗೆ ನಡುಗೆರೆ ಹಿಡಿದು ಎಳೆಯಿರಿ. ಝೋನಿನ ವಾಲ್ಯೂಮ್ ಮತ್ತು ಫ್ಲೋರ್ ಏರಿಯಾ ಕಾಲಮ್ಮುಗಳಲ್ಲಿ ಒಳಗಿನ ನಿಜ ಅಳತೆಯನ್ನು ಕೈಯಾರೆ ಬರೆಯಿರಿ. ಆಗ ಬಿಸಿಲು ತಾಗುವ ಮೈಯೂ ಸರಿ, ಒಳಗಿನ ಗಾಳಿಯೂ ಸರಿ. ಬರೆದ ವಿಸ್ತೀರ್ಣ ಲೆಕ್ಕಕ್ಕಿಂತ 5 ಶೇಕಡಾಕ್ಕೂ ಹೆಚ್ಚು ಬೇರೆಯಾಗಿದೆ ಎಂಬ ವಾರ್ನಿಂಗ್ ಬಂದೇ ಬರುತ್ತದೆ. ಅದು ನೀವು ಬಯಸಿಯೇ ಮಾಡಿದ್ದು, ಬಿಟ್ಟುಬಿಡಿ. ಬೆಳಕಿಂಡಿಯನ್ನು ಮಾಳಿಗೆಯಲ್ಲಿ ತೂತಾಗಿ ಕೊರೆಯಬೇಡಿ, ಮಾಳಿಗೆಯ ಮೇಲಿನ ಕಿಟಕಿಯಾಗಿ ಬರೆಯಿರಿ. ನಡುವೆ ಆಕಾಶಕ್ಕೆ ತೆರೆದ ಅಂಗಳವಿದ್ದರೆ ಅದನ್ನು ಝೋನ್ ಮಾಡದೆ, ಸುತ್ತಲಿನ ಮಾಳಿಗೆಯನ್ನು ನಾಲ್ಕು ಆಯತಗಳಾಗಿ ಒಡೆಯಿರಿ.

ಪಡಸಾಲೆ ಮತ್ತು ಹಾಲ್ ಸೇರಿ ಎಲ್ ಆಕಾರವಾದರೆ 'ಫುಲ್‌ಇಂಟೀರಿಯರ್‌ಅಂಡ್‌ಎಕ್ಸ್‌ಟೀರಿಯರ್' ಎಂಬ ಸೋಲಾರ್ ಹಂಚಿಕೆ (ಒಳಗೆ ಬಂದ ಬಿಸಿಲು ಎಲ್ಲೆಲ್ಲಿ ಬೀಳುತ್ತದೆ ಎಂಬ ಲೆಕ್ಕ) ಝೋನ್ ಕಾನ್‌ವೆಕ್ಸ್ ಅಲ್ಲ, ಅಂದರೆ ಒಳಕ್ಕೆ ಮುರಿದ ಮೂಲೆಯಿದೆ ಎಂದು ತಕರಾರು ತೆಗೆಯುತ್ತದೆ. 'ಫುಲ್‌ಎಕ್ಸ್‌ಟೀರಿಯರ್'ಗೆ ಇಳಿಸಿ, ಇಲ್ಲವೇ ಆಯತಾಕಾರದ ಎರಡು ಝೋನ್ ಮಾಡಿ.

ಬಿಸಿಲಿನಿಂದಲೇ ದಿಕ್ಕು ಪರೀಕ್ಷೆ

ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಬಳ್ಳಾರಿ ಸುಮಾರು 76.9ರಲ್ಲಿದೆ. ಹಾಗಾಗಿ ಇಲ್ಲಿ ಸೂರ್ಯನ ನಡುಮಧ್ಯಾಹ್ನ ಸರಾಸರಿ 12 ಗಂಟೆ 22 ನಿಮಿಷಕ್ಕೆ. ಸ್ವಚ್ಛ ದಿನದಲ್ಲಿ ಪೂರ್ವ ಮತ್ತು ಪಶ್ಚಿಮ ಗೋಡೆಗಳ ಬಿಸಿಲಿನ ಗೆರೆಗಳು ಆ ಹೊತ್ತಿನ ಎಡಬಲಕ್ಕೆ ಕನ್ನಡಿಯಂತೆ ಕಾಣಬೇಕು. ಪೂರ್ವದ ಗೋಡೆಗೆ ಸಂಜೆ ಬಿಸಿಲು ಬಿದ್ದರೆ ಗೋಡೆ ಮಗುಚಿದೆ ಅಥವಾ 'ನಾರ್ತ್ ಆಕ್ಸಿಸ್' ತಪ್ಪಿದೆ. ಈ ಕೋನ ನಿಜ ಉತ್ತರದಿಂದ ಗಡಿಯಾರದ ಮುಳ್ಳಿನ ದಿಕ್ಕಿಗೆ ಧನ. ಮನೆ 20 ಡಿಗ್ರಿ ಪೂರ್ವಕ್ಕೆ ತಿರುಗಿದ್ದರೆ 20 ಎಂದು ಬರೆಯಬೇಕು, ಮೈನಸ್ ಅಲ್ಲ. ವರ್ಲ್ಡ್ ನಿಯಮದಲ್ಲಿ ಸರ್ಫೇಸುಗಳಿಗೆ ಇದು ತಾಗುವುದೇ ಇಲ್ಲ.

ಒಂದನ್ನು ಮಾತ್ರ ದೋಷ ಎಂದು ತಿಳಿದು ಕೆಡಿಸಬೇಡಿ: ಜೂನಿನಲ್ಲಿ ಉತ್ತರದ ಗೋಡೆಗೆ ನೇರ ಬಿಸಿಲು ಬೀಳುವುದು. ಜೂನ್ 21ರ ಮಧ್ಯಾಹ್ನ ಬಳ್ಳಾರಿಯ ಸೂರ್ಯ ನೆತ್ತಿಯಿಂದ 8 ಡಿಗ್ರಿ ಉತ್ತರಕ್ಕೆ ಇರುತ್ತಾನೆ. ದೂರದ ಊರುಗಳ ಪಾಠ ಓದಿದವರು ಇದನ್ನು ಕಂಡು ಸರಿಯಾಗಿದ್ದ ಮಾದರಿಯನ್ನೇ ತಿರುಗಿಸಿಬಿಡುತ್ತಾರೆ.

ಆಕಾರ ಸರಿ, ಕೆಳಗಿನ ಮಹಡಿ ಇನ್ನೂ ತಣ್ಣಗೆ

ನೆಲದ ಅಂಚು 'ಗ್ರೌಂಡ್' ಎಂದಿದ್ದು ನೆಲದ ಉಷ್ಣತೆ ಕೊಡದಿದ್ದರೆ ಎನರ್ಜಿಪ್ಲಸ್ ಹನ್ನೆರಡೂ ತಿಂಗಳು 18 ಡಿಗ್ರಿ ಎಂದು ಹಿಡಿಯುತ್ತದೆ. ಬಳ್ಳಾರಿಯ ಮನೆಯ ಕೆಳಗೆ ವರ್ಷಪೂರ್ತಿ 18 ಡಿಗ್ರಿಯ ಮಣ್ಣು ಎಂದರೆ ಪುಕ್ಕಟೆ ಏಸಿ ಇಟ್ಟಂತೆ. ಏಸಿ ಇಲ್ಲದ ಮನೆಗೆ 'ಫೌಂಡೇಶನ್:ಕೀವಾ' ಬಳಸಿ, ನೆಲದ ಉಷ್ಣತೆಯನ್ನು ಎಂಜಿನ್ನೇ ಲೆಕ್ಕ ಹಾಕಲಿ. ಮೇಲಿನ ಮಹಡಿಯ ನೆಲಕ್ಕೆ ತಪ್ಪಿ 'ಗ್ರೌಂಡ್' ಬಿದ್ದಿದ್ದರೆ ಅಲ್ಲಿಯೂ ಇದೇ 18 ಡಿಗ್ರಿ ಹೊಕ್ಕಿರುತ್ತದೆ, ಅದನ್ನೂ ನೋಡಿ.

ಶೀಟಿನ ಶೆಡ್‌ಗಳಿಗೆ

ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕ, ಗಂಗಾವತಿ, ಸಿಂಧನೂರಿನ ಅಕ್ಕಿ ಗಿರಣಿಯಂಥ ಇಳಿಜಾರು ಶೀಟಿನ ಶೆಡ್ಡಿನಲ್ಲಿ ಎರಡು ತುದಿಯ ಗೋಡೆಗಳು ಐದು ಮೂಲೆಯವು. ಅವನ್ನು ನಾಲ್ಕು ಮೂಲೆಯಾಗಿ ಬರೆದರೆ ಮೇಲಿನ ತ್ರಿಕೋನ ತೆರೆದೇ ಉಳಿದು 'ಮುಚ್ಚಿಲ್ಲ' ಎಂಬ ವಾರ್ನಿಂಗ್ ಬರುತ್ತದೆ. ಗೋಡೆಯಿಂದಾಚೆ ಚಾಚಿದ ಶೀಟು ಶೇಡಿಂಗ್‌ಗೆ ಸೇರಬೇಕು. ಮಾಳಿಗೆ ಗೋಡೆಯ ಗೆರೆಯಲ್ಲೇ ನಿಲ್ಲಲಿ. ನಾಲ್ಕು ಮೂಲೆಯ ಶೀಟಿನಲ್ಲಿ ಒಂದು ಮೂಲೆ ಎತ್ತರ ತಪ್ಪಿ ಸರ್ಫೇಸ್ ತಿರುಚಿದ್ದರೆ ಅಳತೆ ಸರಿಪಡಿಸಿ. ನಿಜಕ್ಕೂ ತಿರುಚಿದ ಮಾಳಿಗೆಯೇ ಆಗಿದ್ದರೆ ಎರಡು ತ್ರಿಕೋನ ಮಾಡಿ.

ಇಷ್ಟಾದರೂ ತಪ್ಪು ಕೈಗೆ ಸಿಗದಿದ್ದರೆ ಮಾದರಿಯ ಪ್ರತಿಯಲ್ಲಿ ಅರ್ಧ ಝೋನುಗಳನ್ನು ತೆಗೆದು, ಬಿಟ್ಟುಹೋದ ಜೋಡಿ ಗೋಡೆಗಳನ್ನು 'ಅಡಯಾಬ್ಯಾಟಿಕ್' ಮಾಡಿ ಓಡಿಸಿ. ದೋಷ ಉಳಿದ ಅರ್ಧದಲ್ಲಿ ಕಂಡರೆ ಅದನ್ನೇ ಮತ್ತೆ ಅರ್ಧ ಮಾಡಿ, ಕಾಣದಿದ್ದರೆ ತೆಗೆದ ಅರ್ಧಕ್ಕೆ ಹೋಗಿ. ಹದಿನಾರು ಕೋಣೆಯ ಕಟ್ಟಡವಾದರೂ ನಾಲ್ಕು ರನ್ನಿನಲ್ಲಿ ಕೆಟ್ಟ ಕೋಣೆ ಒಂಟಿಯಾಗಿ ಸಿಗುತ್ತದೆ, ಆಮೇಲೆ ಅದರ ಆರೋ ಎಂಟೋ ಸರ್ಫೇಸುಗಳ ಬಿಂದುಗಳನ್ನು ಕಾಗದದ ಮೇಲೆ ಬಿಡಿಸಿ ನೋಡಬಹುದು.